ಕವಿತೆ, ಶಾಲೆ, ಪರಂಪರೆ: ಕಪ್ಪು ಸಮುದಾಯ ನಡೆದ ದಾರಿಯ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಕಪ್ಪು ಜನರು ಗುಲಾಮಗಿರಿಯಿಂದ ಹೊರಬಂದು ಓದು, ಹಾಡು ಮತ್ತು ಚರಿತ್ರೆಯ ಬಲದಿಂದ ತಮ್ಮ ಸಮುದಾಯವನ್ನು ತಾವೇ ಕಟ್ಟಿಕೊಂಡ ಬಗೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಹೆಚ್ಚಾಗಿ ಪತ್ರ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇವೆ. ಹೆಸರು ಬೇಡವೆಂದು ಕೆಲವರು ಕೋರಿರುವುದರಿಂದ ಎಲ್ಲರದೂ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಕಪ್ಪು ಜನರ ಏಳಿಗೆಯಲ್ಲಿ ಕವಿತೆಯ ಪಾಲೂ ಇತ್ತು ಎಂದು ಲೇಖನದಲ್ಲಿತ್ತು. ನಮ್ಮ ಎಂ.ಎ. ತರಗತಿಯಲ್ಲಿ ಈ ಮಾತಿನ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. ಹೊಟ್ಟೆಗೂ ಬಟ್ಟೆಗೂ ಇಲ್ಲದವರಿಗೆ ಕವಿತೆಯಿಂದ ಏನಾಗಬೇಕು ಎಂದು ಸ್ನೇಹಿತರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ತಾವು ಏನು ಹೇಳುತ್ತೀರಿ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಕವಿತೆಯೊಂದರಿಂದಲೇ ಯಾವ ಸಮುದಾಯವೂ ಮೇಲೆ ಬಂದದ್ದಿಲ್ಲ, ಹಾಗಾಗಿ ನಿಮ್ಮ ಸ್ನೇಹಿತರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಯಾವ ಕಾಲದಲ್ಲಿ ಕವಿತೆ ಯಾವ ಕೆಲಸಕ್ಕೆ ಒದಗಿತು ಎಂದು ಬಿಡಿಸಿ ನೋಡಬೇಕು. ಪಶ್ಚಿಮ ಆಫ್ರಿಕದಿಂದ 1761ರಲ್ಲಿ ಹಡಗಿನಲ್ಲಿ ತಂದು ಬಾಸ್ಟನ್ ನಗರದಲ್ಲಿ ಮಾರಲಾದ ಫಿಲಿಸ್ ವೀಟ್ಲಿಗೆ ಆಗ ಮುಂದಿನ ಹಾಲುಹಲ್ಲುಗಳು ಬಿದ್ದಿದ್ದವು. ವಯಸ್ಸು ಏಳಿರಬೇಕೆಂದು ಕೊಂಡವರು ಅಂದಾಜು ಮಾಡಿದ್ದೇ ಅದನ್ನು ನೋಡಿ. ಆ ಹುಡುಗಿ ಬೆಳೆದು ಬರೆದ ಪದ್ಯಗಳು 1773ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದಾಗ, ಇವನ್ನು ನಿಜವಾಗಿಯೂ ಆಕೆಯೇ ಬರೆದದ್ದೆಂದು ಬಾಸ್ಟನ್ನಿನ 18 ಮಂದಿ ಗಣ್ಯರ ಹೆಸರಿದ್ದ ದೃಢೀಕರಣವನ್ನು ಪುಸ್ತಕದ ಆರಂಭದಲ್ಲೇ ಸೇರಿಸಬೇಕಾಯಿತು. ಕಪ್ಪು ಚರ್ಮದವರಿಗೆ ಬುದ್ಧಿಯಿದೆಯೇ ಎಂಬುದೇ ವಿವಾದವಾಗಿದ್ದ ಕಾಲದಲ್ಲಿ ಆ ಪುಸ್ತಕ ಒಂದು ಸಾಕ್ಷಿಯಂತೆ ನಿಂತಿತು. ಅದರ ಮಿತಿಯೂ ಅಲ್ಲೇ ಇದೆ, ಏಕೆಂದರೆ ಸಾಕ್ಷಿ ಹೇಳಬೇಕಾದದ್ದು ಬಿಳಿಯರ ಮುಂದೆ.

ಮುಂದಿನ ಶತಮಾನದ ಕೊನೆಗೆ ಕವಿಗಳು ತಮ್ಮವರ ಕಡೆಗೇ ಮುಖಮಾಡಿದರು. ಫ್ಲಾರಿಡಾದ ಜಾಕ್ಸನ್‌ವಿಲ್ ಊರಿನ ಕಪ್ಪು ಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಜೇಮ್ಸ್ ವೆಲ್ಡನ್ ಜಾನ್ಸನ್ ಅವರು 1900ರಲ್ಲಿ ಲಿಂಕನ್ ಜನ್ಮದಿನದ ಸಮಾರಂಭಕ್ಕೆಂದು ಒಂದು ಹಾಡು ಬರೆದರು, ತಮ್ಮ ರೋಸಮಂಡ್ ಅದಕ್ಕೆ ರಾಗ ಹಾಕಿದರು, 500 ಮಕ್ಕಳು ಕೂಡಿ ಹಾಡಿದರು. ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೊರಟುಹೋಗಿ ಅದನ್ನು ಮರೆತೇಬಿಟ್ಟರಂತೆ, ಮಕ್ಕಳು ಮರೆಯಲಿಲ್ಲ. ಶಾಲೆಯಿಂದ ಶಾಲೆಗೆ, ಚರ್ಚಿನಿಂದ ಚರ್ಚಿಗೆ ಹಬ್ಬಿದ ಆ ಹಾಡನ್ನು ಕಪ್ಪು ಜನರು ಇಂದಿಗೂ ತಮ್ಮ ರಾಷ್ಟ್ರಗೀತೆಯೆಂದೇ ಎದ್ದುನಿಂತು ಹಾಡುತ್ತಾರೆ.

ಕವಿತೆ ಓದುಗನ ಕೈ ಸೇರುವ ದಾರಿಯ ಬಗ್ಗೆಯೂ ಅವರು ಯೋಚಿಸಿದ್ದರು ಎಂಬುದನ್ನು ನಿಮ್ಮ ತರಗತಿಯಲ್ಲಿ ತಪ್ಪದೆ ಹೇಳಿ. ಡೆಟ್ರಾಯಿಟ್ ನಗರದಲ್ಲಿ ಗ್ರಂಥಪಾಲಕರಾಗಿದ್ದ ಡಡ್ಲಿ ರ‍್ಯಾಂಡಲ್ 1965ರಲ್ಲಿ ಬ್ರಾಡ್‌ಸೈಡ್ ಪ್ರೆಸ್ ಎಂಬ ಪ್ರಕಾಶನವನ್ನು ಆರಂಭಿಸಿ, ಒಂದೊಂದು ಕವಿತೆಯನ್ನು ಒಂದೊಂದೇ ಹಾಳೆಯಲ್ಲಿ ಅಚ್ಚುಹಾಕಿಸಿ ಅಗ್ಗದ ಬೆಲೆಗೆ ಮಾರಿದರು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಚರ್ಚಿನಲ್ಲಿ 1963ರ ಸೆಪ್ಟೆಂಬರಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತ ಘಟನೆಯ ಮೇಲೆ ಅವರೇ ಬರೆದ ಕಥನಗೀತೆ ಅಂಥ ಮೊದಲ ಹಾಳೆ. 1950ರಲ್ಲೇ ಪುಲಿಟ್ಜರ್ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಕಪ್ಪು ಲೇಖಕಿಯೆನಿಸಿದ್ದ ಗ್ವೆಂಡಲಿನ್ ಬ್ರೂಕ್ಸ್ ನ್ಯೂಯಾರ್ಕಿನ ದೊಡ್ಡ ಪ್ರಕಾಶಕರನ್ನು ಬಿಟ್ಟು ತಮ್ಮ ಕವಿತೆಗಳನ್ನು ಈ ಸಣ್ಣ ಮುದ್ರಣಾಲಯಕ್ಕೆ ಕೊಟ್ಟರು. ಷಿಕಾಗೋದ ಬೀದಿ ಗುಂಪಿನ ಹುಡುಗರಿಗೆ ಕಾವ್ಯದ ಕಮ್ಮಟ ನಡೆಸಿದರು. ಶಾಲಾ ಮಕ್ಕಳ ಕವಿತೆಗಳಿಗೆ ಕೈಯಿಂದಲೇ ಬಹುಮಾನ ಕೊಟ್ಟರು. ಕವಿತೆ ಹಸಿವು ನೀಗಿಸಲಿಲ್ಲ, ನಿಜ. ಆದರೆ ಒಂದೇ ಹಾಡು ಬಲ್ಲ ನೂರು ಜನರನ್ನು ಒಂದು ಕಡೆ ಸೇರಿಸಿತು, ಸೇರಿದವರು ಉಳಿದ ಕೆಲಸಕ್ಕೆ ಕೈಹಾಕಿದರು. ನಮ್ಮಲ್ಲಿಯೂ ಎಪ್ಪತ್ತರ ದಶಕದ ದಲಿತ ಚಳವಳಿಯ ಜಾಥಾಗಳು ತಮಟೆ ಮತ್ತು ಹಾಡುಗಳಿಲ್ಲದೆ ಹೊರಟದ್ದುಂಟೇ ಎಂದು ನಿಮ್ಮ ಸ್ನೇಹಿತರನ್ನು ಕೇಳಿನೋಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮೂರ ಕಾಫಿ ತೋಟದ ಲೈನ್ ಮನೆಗಳ ಹೆಂಗಸರಿಗೆ ಸಂಜೆ ಅಕ್ಷರ ಕಲಿಸಲು ಆರಂಭಿಸಿದೆ. ಮೊದಮೊದಲು ಉತ್ಸಾಹದಿಂದ ಬಂದವರು ಈಗ ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ಕಪ್ಪು ಜನರು ನಡೆಸಿದ ವಯಸ್ಕರ ಶಾಲೆಗಳಲ್ಲಿ ಇಂಥ ತೊಂದರೆ ಇರಲಿಲ್ಲವೇ?
— ಓದುಗರು, ಮೂಡಿಗೆರೆ

ಉತ್ತರ: ಇದೇ ತೊಂದರೆ ಅಲ್ಲಿಯೂ ಇತ್ತು, ಮೇಡಂ, ಮತ್ತು ಅವರು ಅದನ್ನು ದಾಟಿದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಕ್ಷಿಣ ಕರೊಲಿನಾ ರಾಜ್ಯದ ಕರಾವಳಿಯಲ್ಲಿ ಜಾನ್ಸ್ ಎಂಬ ದ್ವೀಪವಿದೆ. ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಿದವರಿಗೆ ಮಾತ್ರ ಮತದಾರರ ಪಟ್ಟಿಯಲ್ಲಿ ಹೆಸರು ಎಂಬ ನಿಯಮವಿದ್ದುದರಿಂದ ಅಲ್ಲಿನ ಕಪ್ಪು ಕೂಲಿಕಾರರಲ್ಲಿ ಬಹುಪಾಲು ಜನರಿಗೆ ಮತವೇ ಇರಲಿಲ್ಲ. ದ್ವೀಪದಿಂದ ಚಾರ್ಲ್‌ಸ್ಟನ್ ಪಟ್ಟಣಕ್ಕೆ ಕೆಲಸಗಾರರನ್ನು ಒಯ್ಯುತ್ತಿದ್ದ ಈಸಾ ಜೆಂಕಿನ್ಸ್ ತಮ್ಮ ಬಸ್ಸಿನಲ್ಲೇ ಆ ಭಾಗಗಳನ್ನು ಪ್ರಯಾಣಿಕರಿಗೆ ಕಲಿಸುತ್ತಿದ್ದರು. ಅದಕ್ಕೂ ಮೊದಲು ನಡೆದಿದ್ದ ವಯಸ್ಕರ ತರಗತಿ ಬರಿದಾಗಿತ್ತು. ಅಲ್ಲಿ ದೊಡ್ಡವರನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿ ಮಕ್ಕಳ ಪಾಠವನ್ನೇ ಹೇಳಿಕೊಡುತ್ತಿದ್ದರು, ನೋಡಿದ ಮಕ್ಕಳು ನಗುತ್ತಿದ್ದರು.

ಸೆಪ್ಟಿಮಾ ಕ್ಲಾರ್ಕ್ ಎಂಬ ಶಿಕ್ಷಕಿ ನಲವತ್ತು ವರ್ಷ ಕಲಿಸಿದ ಮೇಲೆ, ಕಪ್ಪು ಜನರ ಹಕ್ಕುಗಳ ಸಂಘದ ಸದಸ್ಯತ್ವ ಬಿಡಲೊಪ್ಪದ ಕಾರಣಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡಿದ್ದರು. ಅವರು ಜೆಂಕಿನ್ಸ್ ಜೊತೆ ಸೇರಿ 1957ರ ಜನವರಿಯಲ್ಲಿ ದ್ವೀಪದಲ್ಲೊಂದು ಶಾಲೆ ತೆರೆದರು. ಕಟ್ಟಡದ ಮುಂಭಾಗದಲ್ಲಿ ದಿನಸಿ ಅಂಗಡಿ, ಹಿಂಭಾಗದಲ್ಲಿ ತರಗತಿ. ಬಿಳಿಯರಿಗೆ ಅನುಮಾನ ಬಾರದಿರಲೆಂದು ಈ ಏರ್ಪಾಡು. ಕಲಿಸಲು ಬಂದವರು ಬರ್ನೀಸ್ ರಾಬಿನ್‌ಸನ್, ಕೇಶಾಲಂಕಾರ ಮತ್ತು ಹೊಲಿಗೆ ಅವರ ಕಸುಬು. ತರಬೇತಾದ ಶಿಕ್ಷಕರನ್ನು ಕ್ಲಾರ್ಕ್ ಬೇಕೆಂದೇ ಆರಿಸಲಿಲ್ಲ, ಅಂಥವರು ಕಲಿಯುವವರ ಮಾತು ಕೇಳುವುದು ಕಡಿಮೆ ಎಂಬುದು ಅವರ ಅನುಭವ (ತಾವು ಬೇಸರಿಸಬಾರದು, ಅವರೂ ಶಿಕ್ಷಕಿಯೇ). ರಾಬಿನ್‌ಸನ್ ಮೊದಲ ದಿನವೇ ನಾನು ಟೀಚರಲ್ಲ, ಕೂಡಿ ಕಲಿಯೋಣ ಎಂದು ಹೇಳಿ, ನಿಮಗೆ ಏನು ಓದಲು ಬರಬೇಕು ಎಂದು ಕೇಳಿದರು. ತಮ್ಮ ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಫಾರಂ ತುಂಬಬೇಕು ಎಂಬ ಉತ್ತರಗಳು ಬಂದವು. ಅಂದಿನಿಂದ ಅವೇ ಪಠ್ಯವಾದವು. ಹೆಸರನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಟ್ಟು ಅದೇ ಗೆರೆಯ ಮೇಲೆ ಪೆನ್ಸಿಲ್ ಆಡಿಸಲು ಹೇಳುವುದು ಕ್ಲಾರ್ಕ್ ಅವರ ಪದ್ಧತಿ. ನೇಗಿಲು ಹಿಡಿದು ರೂಢಿಯಾದ ಕೈಯ ಬಿಗಿಗೆ ಪೆನ್ಸಿಲ್ಲುಗಳು ಪಟಪಟನೆ ಮುರಿಯುತ್ತಿದ್ದವೆಂದು ಅವರು ನೆನೆದುಕೊಂಡಿದ್ದಾರೆ. ಈ ಒಂದು ಕೋಣೆಯ ಮಾದರಿ ಕೆಲವೇ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿ ಸಾವಿರಾರು ಜನರನ್ನು ಮತದಾರರನ್ನಾಗಿ ಮಾಡಿತು.

ನಿಮ್ಮ ತರಗತಿಗೆ ಬರುವವರು ಹಗಲೆಲ್ಲ ಹಣ್ಣು ಕೊಯ್ದು, ಮೂಟೆ ಹೊತ್ತು, ಮನೆಗೆ ಬಂದು ಒಲೆ ಹಚ್ಚಿ, ಆಮೇಲೆ ಬರುವವರು. ಅವರ ಮುಂದೆ ‘ಅ’ ಅರಸ, ‘ಆ’ ಆನೆ ಎಂದು ತೆರೆದರೆ ಅರಸನೂ ಬೇಡ ಆನೆಯೂ ಬೇಡ ಅನಿಸಿದರೆ ಆಶ್ಚರ್ಯವಿಲ್ಲ. ಚೆಕ್‌ರೋಲಿನಲ್ಲಿ ತಮ್ಮ ಹೆಸರಿನ ಮುಂದೆ ಎಷ್ಟು ದಿನ ಹಾಜರಿ ಬಿದ್ದಿದೆ, ಬಟವಾಡೆಯ ದಿನ ಎಷ್ಟು ಕೈಗೆ ಬಂತು, ಎಷ್ಟು ಮುಂಗಡಕ್ಕೆ ಮುರಿದುಕೊಂಡರು ಎಂಬುದನ್ನು ಓದಲು ಕಲಿಸಿ. ಬ್ಯಾಂಕಿನ ಚಲನ್, ಪಡಿತರ ಚೀಟಿ, ಆಸ್ಪತ್ರೆಯ ಚೀಟಿ ಇವುಗಳ ಖಾಲಿ ಪ್ರತಿಗಳನ್ನೇ ತಂದಿಡಿ. ಅವರಲ್ಲೇ ಸ್ವಲ್ಪ ಓದು ಬಲ್ಲ ಹೆಂಗಸೊಬ್ಬರು ಮುಂದೆ ನಿಂತು ಕಲಿಸಲಿ, ತಾವು ಪಕ್ಕದಲ್ಲಿರಿ. ಮನೆಯಲ್ಲಿ ತುಳುವನ್ನೋ ತಮಿಳನ್ನೋ ಆಡುವವರಿದ್ದರೆ ಆ ಮಾತನ್ನು ತಿದ್ದಲು ಹೋಗಬೇಡಿ. ಜಾನ್ಸ್ ದ್ವೀಪದವರ ಮಾತೂ ಪಟ್ಟಣದ ಇಂಗ್ಲಿಷಾಗಿರಲಿಲ್ಲ, ಗಲ್ಲಾ ಎಂಬ ಅವರದೇ ನುಡಿಯಾಗಿತ್ತು. ಕೊಯ್ಲಿನ ಭರಾಟೆಯ ತಿಂಗಳುಗಳಲ್ಲಿ ತರಗತಿಯನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದರೂ ನಷ್ಟವಿಲ್ಲ. ಜಾನ್ಸ್ ದ್ವೀಪದಲ್ಲೂ ಹೊಲದ ಕೆಲಸ ಕಡಿಮೆಯಿದ್ದ ಚಳಿಗಾಲದಲ್ಲೇ ಶಾಲೆ ನಡೆದದ್ದು.

ಪ್ರಶ್ನೆ: ಹಕ್ಕು, ಚಳವಳಿ, ಕವಿತೆ ಎಂದು ಓಡಾಡುವ ಮೊದಲು ಒಂದು ಕಸುಬು ಕಲಿತು ಕಾಸು ಕೂಡಿಸಿದರೆ ಮರ್ಯಾದೆ ತಾನಾಗಿ ಬರುವುದಿಲ್ಲವೇ? ಬೂಕರ್ ವಾಷಿಂಗ್ಟನ್ ಅವರೂ ಇದನ್ನೇ ಹೇಳಿದ್ದಲ್ಲವೇ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಹೇಳಿದ್ದು ನಿಜ. ಗುಲಾಮರಾಗಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಅಲಬಾಮಾದ ಟಸ್ಕೀಗಿಯಲ್ಲಿ 1881ರಿಂದ ಕಟ್ಟಿದ ಶಾಲೆಯ ಕಟ್ಟಡಗಳನ್ನು ವಿದ್ಯಾರ್ಥಿಗಳೇ ಎಬ್ಬಿಸಿದರು. ಇಟ್ಟಿಗೆ ಗೂಡು ಮೂರು ಸಲ ಕೈಕೊಟ್ಟಾಗ, ಕೈಯಲ್ಲಿ ಕಾಸಿಲ್ಲದೆ ತಮ್ಮ ಗಡಿಯಾರವನ್ನು ಒತ್ತೆಯಿಟ್ಟು ನಾಲ್ಕನೆಯ ಗೂಡನ್ನು ಸುಡಿಸಿದ ಮನುಷ್ಯ ಆತ. ಅವರು ಕರೆಸಿಕೊಂಡ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ ಪಾಠದ ಗಾಡಿ 1906ರಿಂದ ಹಳ್ಳಿಹಳ್ಳಿಗೆ ಹೋಗಿ ರೈತರಿಗೆ ಬೇಸಾಯ ಹೇಳಿಕೊಟ್ಟಿತು. ಈ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ 1903ರಲ್ಲಿ ಎತ್ತಿದ ಆಕ್ಷೇಪವನ್ನೂ ಕೇಳಬೇಕು: ಮತವಿಲ್ಲದವನು ಗಳಿಸಿದ ಆಸ್ತಿಯನ್ನು ಕಾಯುವವರು ಯಾರು? ಒಕ್ಲಹೋಮಾ ರಾಜ್ಯದ ಟಲ್ಸಾ ನಗರದ ಗ್ರೀನ್‌ವುಡ್ ಬಡಾವಣೆಯಲ್ಲಿ ಕಪ್ಪು ಜನರು ಅಂಗಡಿ, ಹೋಟೆಲು, ಚಿತ್ರಮಂದಿರ, ಪತ್ರಿಕೆ ಎಲ್ಲವನ್ನೂ ಸ್ವಂತ ದುಡಿಮೆಯಿಂದ ಕಟ್ಟಿಕೊಂಡಿದ್ದರು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅದನ್ನು ಒಂದು ಹಗಲು ಒಂದು ರಾತ್ರಿಯೊಳಗೆ ಸುಟ್ಟು ಬೂದಿಮಾಡಿತು. ಕಸುಬೂ ಇತ್ತು, ಕಾಸೂ ಇತ್ತು. ದೂರು ಕೊಟ್ಟರೆ ಕೇಳುವ ಸರ್ಕಾರ ಇರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಇಬ್ಬರ ಜಗಳಕ್ಕಿಂತ ಹಳ್ಳಿಗಾಡಿನ ಸಾಮಾನ್ಯರು ಮಾಡಿ ತೋರಿಸಿದ್ದು ದೊಡ್ಡದು. ವಾಷಿಂಗ್ಟನ್ ಅವರ ಮಾತಿಗೆ ಒಪ್ಪಿ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್ ನೆರವು ಕೊಟ್ಟದ್ದರಿಂದ 1912 ಮತ್ತು 1932ರ ನಡುವೆ ದಕ್ಷಿಣದಲ್ಲಿ ಸುಮಾರು 5,000 ಶಾಲೆಗಳು ಎದ್ದವು. ಊರಿನವರು ತಮ್ಮ ಪಾಲು ಹಾಕಿದರೆ ಮಾತ್ರ ನೆರವು ಎಂಬುದು ಕರಾರು. ಸರ್ಕಾರಕ್ಕೆ ತೆರಿಗೆ ಕಟ್ಟಿದ್ದ ಆ ಬಡವರು ಅದರ ಮೇಲೆ ಮತ್ತೆ ಚಂದಾ ಎತ್ತಿದರು, ಜಾಗ ಕೊಟ್ಟರು, ಮರ ಕೊಟ್ಟರು, ಕೂಲಿಯಿಲ್ಲದೆ ದುಡಿದರು. ಕೊನೆಗೆ ಲೆಕ್ಕ ಹಾಕಿದಾಗ ರೋಸೆನ್‌ವಾಲ್ಡ್ ನಿಧಿ ಕೊಟ್ಟದ್ದಕ್ಕಿಂತ ಕಪ್ಪು ಸಮುದಾಯದವರು ಕೂಡಿಸಿದ್ದೇ ತುಸು ಹೆಚ್ಚಾಗಿತ್ತು. ಹಾಗೆ ಕಟ್ಟಿದ ಶಾಲೆಗಳಲ್ಲಿ ಕಲಿತ ಮಕ್ಕಳಲ್ಲೇ ಎಷ್ಟೋ ಮಂದಿ ಮುಂದೆ ನಾಗರಿಕ ಹಕ್ಕುಗಳ ಹೋರಾಟಕ್ಕೆ ಇಳಿದರು. ಇನ್ನೊಂದು ಮಾತನ್ನೂ ಸಂಕೋಚದಿಂದಲೇ ಹೇಳುತ್ತೇನೆ: ಕಸುಬು ಮೊದಲು, ಹಕ್ಕು ಆಮೇಲೆ ಎಂಬ ಸಲಹೆ ಅಲ್ಲಿಯೂ ಆಳುಗಳ ಅಗತ್ಯವಿದ್ದವರಿಗೇ ಹೆಚ್ಚು ಹಿಡಿಸಿತ್ತು.

ಪ್ರಶ್ನೆ: ಬಾಬಾಬುಡನ್‌ಗಿರಿಯ ಕಾಫಿಗೂ ಕಪ್ಪು ಜನರ ಚರಿತ್ರೆಗೂ ಏನಾದರೂ ನಂಟಿದೆಯೇ? ಕರ್ನಾಟಕದಲ್ಲೇ ಆಫ್ರಿಕ ಮೂಲದವರಿದ್ದಾರೆಯೇ?
— ಪ್ರೌಢಶಾಲಾ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ನಂಟು ಗಿಡದಿಂದಲೇ ಶುರುವಾಗುತ್ತದೆ. ಅರೇಬಿಕಾ ಕಾಫಿಯ ತವರು ಆಫ್ರಿಕದ ಇಥಿಯೋಪಿಯಾ. ಅಲ್ಲಿಂದ ಯೆಮೆನ್‌ಗೆ, ಯೆಮೆನ್‌ನಿಂದ 17ನೆಯ ಶತಮಾನದಲ್ಲಿ ಬಾಬಾಬುಡನ್ ಅವರ ಮೂಲಕ ನಿಮ್ಮ ಗಿರಿಗೆ ಬಂತೆಂಬ ಐತಿಹ್ಯವನ್ನು ನೀವು ಕೇಳಿರುತ್ತೀರಿ. ಇದೇ ಗಿಡವನ್ನು ಕೆರಿಬಿಯನ್ ವಸಾಹತಾದ ಸೇಂಟ್ ಡೊಮಿಂಗ್‌ನಲ್ಲಿ ಫ್ರೆಂಚರು ಆಫ್ರಿಕದ ಗುಲಾಮರ ಕೈಯಿಂದ ಬೆಳೆಸಿದರು, ಮತ್ತು 18ನೆಯ ಶತಮಾನದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧದಷ್ಟು ಅಲ್ಲಿಂದಲೇ ಬರುತ್ತಿತ್ತು. ಆ ಗುಲಾಮರು 1791ರಲ್ಲಿ ದಂಗೆಯೆದ್ದು ಫ್ರೆಂಚ್ ಸೇನೆಯನ್ನು ಸೋಲಿಸಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶವನ್ನೇ ಸ್ಥಾಪಿಸಿದರು. ಕರ್ನಾಟಕದಲ್ಲೇ ಆಫ್ರಿಕ ಮೂಲದವರಿದ್ದಾರೆಯೇ ಎಂದೂ ಕೇಳಿದ್ದೀರಿ. ಇದ್ದಾರೆ: ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಮುಂತಾದ ಕಡೆ ಸಿದ್ದಿಯರು ತಲೆತಲಾಂತರದಿಂದ ನೆಲೆಸಿದ್ದಾರೆ, ಡಮಾಮಿ ಅವರ ಹೆಸರಾದ ವಾದ್ಯ ಮತ್ತು ಕುಣಿತ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಪ್ರಶ್ನೆ: ಡಾ. ಅಂಬೇಡ್ಕರ್ ಅವರಿಗೂ ಕಪ್ಪು ಜನರ ನಾಯಕರಿಗೂ ಸಂಪರ್ಕವಿತ್ತೇ?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಇತ್ತು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಮನವಿ ಸಲ್ಲಿಸುವ ಸುದ್ದಿ ತಿಳಿದು ಅಂಬೇಡ್ಕರ್ 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಪ್ರಸ್ತಾಪಿಸಿ, ಆ ಮನವಿಯ ಪ್ರತಿಗಳನ್ನು ಕೇಳಿದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. 1972ರಲ್ಲಿ ಮುಂಬಯಿಯ ತರುಣರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಅನ್ನು ನೆನೆದೇ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲ್ಲಿ ಮೈಬಣ್ಣ ಕಂಡೊಡನೆ ತೀರ್ಮಾನ. ನಮ್ಮಲ್ಲಿ ಯಾವ ಊರು, ಯಾವ ಕೇರಿ, ಯಾರ ಪೈಕಿ ಎಂದು ಕೇಳಿ ತಿಳಿದ ಮೇಲೆ ಲೋಟ ಬೇರೆಯಾಗುತ್ತದೆ.

ಪ್ರಶ್ನೆ: ನಮ್ಮ ಅಜ್ಜ ತಮಟೆ ಬಾರಿಸುತ್ತಿದ್ದರು, ಅಜ್ಜಿಗೆ ನೂರಾರು ಪದ ಬರುತ್ತದೆ. ನಾನು ಅವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಮನೆಯವರೇ ಬೇಡವೆನ್ನುತ್ತಾರೆ. ಬಿಟ್ಟು ಬಂದ ಜೀತದ ಕಾಲವನ್ನು ಯಾಕೆ ಮತ್ತೆ ಎಳೆದು ತರುತ್ತೀಯ ಎಂಬುದು ಅಪ್ಪನ ಮಾತು. ಅವರು ಹೇಳುವುದರಲ್ಲೂ ಅರ್ಥವಿದೆ ಅನಿಸುತ್ತದೆ.
— ಯುವಕ, ಅರಸೀಕೆರೆ

ಉತ್ತರ: ಅರ್ಥವಿದೆ, ಅದಕ್ಕೇ ಅಪ್ಪನವರೊಡನೆ ವಾದಕ್ಕೆ ನಿಲ್ಲಬೇಡಿ. ಯಾರದೋ ಸಾವಿಗೆ, ಯಾರದೋ ತೇರಿಗೆ ಕರೆ ಬಂದಾಗ ಹೋಗಲೇಬೇಕಾಗಿದ್ದ ಕಾಲದ ನೆನಪು ಆ ತಮಟೆಯ ಚರ್ಮಕ್ಕೆ ಅಂಟಿಕೊಂಡಿದೆ. ಗುಲಾಮಗಿರಿ ಮುಗಿದ ಮೇಲೆ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರಿಗಾಗಿ ಆರಂಭವಾದ ಫಿಸ್ಕ್ ವಿದ್ಯಾಸಂಸ್ಥೆ ಸಾಲದಲ್ಲಿ ಮುಳುಗಿದಾಗ, 1871ರಲ್ಲಿ ಅಲ್ಲಿಯ ಒಂಬತ್ತು ವಿದ್ಯಾರ್ಥಿಗಳು ಹಾಡಿ ಹಣ ಕೂಡಿಸಲು ಊರೂರು ಸುತ್ತಿದರು. ಮೊದಲು ಅವರು ಹಾಡಿದ್ದು ಬಿಳಿಯರ ಸಭೆಗಳಲ್ಲಿ ರೂಢಿಯಲ್ಲಿದ್ದ ಹಾಡುಗಳನ್ನು. ಹೊಲದಲ್ಲಿ ತಮ್ಮ ತಂದೆತಾಯಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು ಪರರ ಮುಂದೆ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಅವು ಗುಲಾಮಗಿರಿಗೆ ಸೇರಿದವು, ಮತ್ತು ಹಿರಿಯರಿಗೆ ಪವಿತ್ರವಾದವು. ತಮ್ಮತಮ್ಮಲ್ಲೇ ಹಾಡಿಕೊಳ್ಳುತ್ತಿದ್ದ ಅವನ್ನು ಹಿಂಜರಿಯುತ್ತಲೇ ಸಭೆಗೆ ತಂದರು, ಸಭೆ ಮೂಕವಾಯಿತು. 1873ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಎದುರಿಗೂ ಹಾಡಿದರು. ಆ ಸಂಪಾದನೆಯಿಂದ ಕಟ್ಟಿದ ಜುಬಿಲಿ ಹಾಲ್ ಎಂಬ ಕಟ್ಟಡ ಇಂದಿಗೂ ಅಲ್ಲಿದೆ. ಹಾಡು ಅದೇ ಆದರೂ ಈಗ ಹಾಡಬೇಕೋ ಬೇಡವೋ ಎಂದು ನಿರ್ಧರಿಸುವವರು ತಾವೇ ಎಂಬುದು ಆದ ಬದಲಾವಣೆ. ಅಪ್ಪನವರಿಗೆ ಇದನ್ನು ಹೇಳಬಹುದು, ಒಪ್ಪದಿದ್ದರೆ ಕಾಯಬಹುದು.

ಸಂಗ್ರಹದ ಮಟ್ಟಿಗೆ ಆರ್ತುರೋ ಶಾಂಬರ್ಗ್ ಅವರನ್ನು ನೆನೆಯಿರಿ. ಪ್ಯೂರ್ಟೊ ರಿಕೊದಲ್ಲಿ 1874ರಲ್ಲಿ ಹುಟ್ಟಿದ ಅವರಿಗೆ, ಕಪ್ಪು ಜನರಿಗೆ ಚರಿತ್ರೆಯೇ ಇಲ್ಲ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ನ್ಯೂಯಾರ್ಕಿನ ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ಕೆಲಸ ಮಾಡುತ್ತಲೇ ಅವರು ಸಾವಿರಾರು ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಕೂಡಿಹಾಕಿದರು. 1926ರಲ್ಲಿ 10,000 ಡಾಲರಿಗೆ ಅದನ್ನು ಕೊಂಡ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹಾರ್ಲೆಮ್ ಶಾಖೆ ಈಗ ಅವರ ಹೆಸರಿನ ಸಂಶೋಧನಾ ಕೇಂದ್ರವಾಗಿದೆ. ನಿಮ್ಮ ರೆಕಾರ್ಡಿಂಗಿನ ಆರಂಭದಲ್ಲೇ ಅಜ್ಜಿಯ ಹೆಸರು, ತವರೂರು, ತಾರೀಕು, ಈ ಪದವನ್ನು ಯಾರಿಂದ ಕಲಿತರು, ಯಾವ ಹೊತ್ತಿನಲ್ಲಿ ಹಾಡುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ನಾಟಿಯ ಪದವೋ, ರಾಗಿ ಬೀಸುವ ಪದವೋ, ಸೋಬಾನೆಯೋ ಎಂದು ಗುರುತು ಹಾಕದ ನೂರು ಪದ ಹತ್ತು ವರ್ಷದ ನಂತರ ಯಾರಿಗೂ ಬಿಡಿಸಲಾಗದ ಕಗ್ಗಂಟಾಗುತ್ತದೆ. ಹೊರಗಿನವರಿಗೆ ಕೇಳಿಸಬಾರದೆಂದು ಅಜ್ಜಿ ಹೇಳಿದ ಪದವನ್ನು ಬೇರೆಯಾಗಿಡಿ. ಮೊಬೈಲು ಕೆಟ್ಟರೆ ಎಲ್ಲವೂ ಹೋದಂತೆ, ಆದ್ದರಿಂದ ಇನ್ನೆರಡು ಕಡೆ ಪ್ರತಿ ಇರಲಿ.

ಪ್ರಶ್ನೆ: ಫೆಬ್ರವರಿಯಲ್ಲಿ ಅಮೆರಿಕದವರು ಕಪ್ಪು ಜನರ ಚರಿತ್ರೆಯ ಮಾಸ ಆಚರಿಸುತ್ತಾರೆಂದು ತಿಳಿಯಿತು. ನಮ್ಮ ಶಾಲೆಯಲ್ಲೂ ಅಂಥದ್ದೊಂದು ಕಾರ್ಯಕ್ರಮ ಇಟ್ಟುಕೊಳ್ಳಬಹುದೇ?
— ಮುಖ್ಯ ಶಿಕ್ಷಕರು, ಕಡೂರು

ಉತ್ತರ: ಇಟ್ಟುಕೊಳ್ಳಿ, ಆದರೆ ಫೆಬ್ರವರಿಯೇ ಆಗಬೇಕಿಲ್ಲ. ಕಲ್ಲಿದ್ದಲ ಗಣಿಯಲ್ಲಿ ದುಡಿದು, 20ರ ವಯಸ್ಸಿಗೆ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಕಾರ್ಟರ್ ವುಡ್‌ಸನ್ ಅವರು 1926ರಲ್ಲಿ ಒಂದು ವಾರದ ಆಚರಣೆಯಾಗಿ ಇದನ್ನು ಆರಂಭಿಸಿದರು. ಕಪ್ಪು ಜನರು ಮೊದಲಿನಿಂದಲೂ ನೆನೆಯುತ್ತಿದ್ದ ಲಿಂಕನ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಹುಟ್ಟುಹಬ್ಬಗಳು ಆ ವಾರದಲ್ಲಿ ಬರುತ್ತಿದ್ದುದೇ ತಿಂಗಳ ಆಯ್ಕೆಗೆ ಕಾರಣ. 1976ರಿಂದ ವಾರವು ಮಾಸವಾಯಿತು. ನಿಮ್ಮಲ್ಲಿ ಫೆಬ್ರವರಿಯೆಂದರೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ, ಯಾವ ಮಗುವಿಗೂ ಪುರುಸೊತ್ತಿರುವುದಿಲ್ಲ. ಜುಲೈ ಅಥವಾ ಆಗಸ್ಟ್ ಅನುಕೂಲ. ಅತಿಥಿ, ಹಾರ, ಶಾಲು ಎಂದು ಖರ್ಚು ಮಾಡುವ ಬದಲು ಎರಡು ಪೀರಿಯಡ್‌ಗಳನ್ನು ಬಿಡಿಸಿಕೊಳ್ಳಿ. ಮೊದಲನೆಯದರಲ್ಲಿ ಡಗ್ಲಸ್ ಅವರ ಬಾಲ್ಯವನ್ನು ಹೇಳಿ: ಒಡತಿ ಅಕ್ಷರ ಕಲಿಸತೊಡಗಿದಾಗ ಒಡೆಯ ತಡೆದದ್ದು, ಆಮೇಲೆ ಆ ಗುಲಾಮ ಹುಡುಗ ಜೇಬಿನಲ್ಲಿ ರೊಟ್ಟಿ ಇಟ್ಟುಕೊಂಡು ಹೋಗಿ ಬೀದಿಯ ಬಡ ಬಿಳಿಯ ಹುಡುಗರಿಗೆ ಅದನ್ನು ಕೊಟ್ಟು ಬದಲಿಗೆ ಓದು ಕಲಿತದ್ದು. ಎರಡನೆಯದರಲ್ಲಿ ಮಕ್ಕಳು ತಮ್ಮ ಮನೆಯಲ್ಲಿ ಮೊದಲು ಶಾಲೆಗೆ ಹೋದವರು ಯಾರು, ಯಾವ ಶಾಲೆ, ಎಷ್ಟನೆಯ ತರಗತಿಯವರೆಗೆ ಓದಿದರು, ಯಾಕೆ ಬಿಟ್ಟರು ಎಂದು ಕೇಳಿಕೊಂಡು ಬಂದು ಓದಲಿ. ಕೆಲವರು ‘ನಾನೇ ಮೊದಲು’ ಎಂದು ಬರೆದು ತರುತ್ತಾರೆ. ಅವರಿಗೆ ಮೊದಲು ಓದುವ ಅವಕಾಶ ಕೊಡಿ.